ಒಬ್ಬರಿಗೊಂದೇ ವಿಷಯ

ಕಾಲೇಜು ಸೇರಲು ಬರೆಯುವ ಪ್ರಬಂಧಕ್ಕೆ ಒಬ್ಬರು ಹಿಡಿದ ವಿಷಯವನ್ನು ದೇಶದಲ್ಲಿ ಇನ್ನೊಬ್ಬರು ಮುಟ್ಟುವಂತಿಲ್ಲ ಎಂಬ ಕಾಯಿದೆ ಬಂದು ಆರು ವರ್ಷವಾಗಿತ್ತು. ವಿಷಯ ಸಿಗದಿದ್ದರೆ ಅರ್ಜಿಯೇ ಇಲ್ಲ. ಕೊನೆಯ ದಿನ, ಬಸ್ ಕಂಡಕ್ಟರ್ ಪಂಕಜಾಕ್ಷಿ ರಜೆ ಹಾಕಿ, ಮಗಳು ತಾರಿಣಿಯ ಜೊತೆ ತುಮಕೂರಿನ ವಿಷಯ ನೋಂದಣಿ ಕಚೇರಿಯ ಸಾಲಿನಲ್ಲಿ ನಿಂತಿದ್ದಳು. ಮಗಳಿಗಾಗಿ ತಾನು ಪಟ್ಟ ಪಾಡನ್ನೆಲ್ಲ ಹಾಳೆಯ ಎರಡೂ ಮಗ್ಗುಲಿಗೆ ಬರೆದು ತಂದಿದ್ದಳು. ತನ್ನಂಥ ತಾಯಿ ಇನ್ನೊಬ್ಬಳಿರಲಾರಳು ಎಂದು ಅವಳಿಗೆ ಖಾತ್ರಿಯಿತ್ತು.

"ತಾಯಿ ತ್ಯಾಗಾನಾ? ಅದು ಮೊದಲನೇ ದಿನ ಬೆಳಿಗ್ಗೆ ಹತ್ತಕ್ಕೇ ಹೋಯ್ತಮ್ಮ," ಎಂದ ಕಿಟಕಿಯ ಗುಮಾಸ್ತ. "ಹರಿದ ಚಪ್ಪಲಿ, ಉಪವಾಸ, ಜ್ವರದಲ್ಲೂ ಕೆಲಸ, ಎಲ್ಲಾ ಖಾಲಿ. ಬೇರೆ ಏನಾದ್ರೂ ಇದ್ರೆ ಬೇಗ ಹೇಳಿ, ಐದಕ್ಕೆ ಮುಚ್ತೀವಿ."

ಪಂಕಜಾಕ್ಷಿ ಹಾಳೆ ಮಡಚಿದಳು. ಹದಿನೆಂಟು ವರ್ಷದ ತ್ಯಾಗ ಕಡೆಗೆ ಎಲ್ಲರ ಮನೆಯ ಉಪ್ಪಿಟ್ಟಾಗಿತ್ತು!

ತಾರಿಣಿ ಕಿಟಕಿಗೆ ಬಾಗಿದಳು. "ಸಾರ್, ನಮ್ಮಮ್ಮ ನಿದ್ದೇಲಿ ಟಿಕೆಟ್ ಕೊಡ್ತಾಳೆ. 'ಎಲ್ಲಿಗೆ, ಎಲ್ಲಿಗೆ?' ಅಂತಾಳೆ. ನಾನು ದಿನಾ ಒಂದೊಂದು ಊರು ಹೇಳ್ತೀನಿ."

"ಲೇ, ಮಾನ ಕಳೀಬೇಡ ಕಣೇ!" ಎಂದಳು ಪಂಕಜಾಕ್ಷಿ.

ಅಷ್ಟರಲ್ಲಿ ಗುಮಾಸ್ತ ಅದನ್ನು ಮುಂದಿನ ಯಂತ್ರದಲ್ಲಿ ಒತ್ತಿ ನೋಡಿದ್ದ; ಹಸಿರು ದೀಪ ಹತ್ತಿತು. ಈ ವಿಷಯವನ್ನು ಯಾರೂ ಹಿಡಿದಿರಲಿಲ್ಲ. ಗುಮಾಸ್ತ ನಗುತ್ತಲೇ ಮುದ್ರೆ ಒತ್ತಿದ.

ಮೆಟ್ಟಿಲು ಇಳಿಯುವಾಗ ಪಂಕಜಾಕ್ಷಿ ತಡೆಯಲಾರದೆ ಕೇಳಿದಳು. "ನೀನು ಸೇರ್ಬೇಕು ಅಂತಿರೋ ಕಾಲೇಜಿನ ಊರೂ ಹೇಳಿದ್ಯೇನೇ?"

"ನಿನ್ನೆ ಹೇಳ್ದೆ, 'ಧಾರವಾಡ ಒಂದು' ಅಂತ."

"ನಾನು ಕೊಟ್ಟೆನಾ ಟಿಕೆಟ್ಟು?"

"ಎಲ್ಲಿ ಕೊಟ್ಟೆ! 'ಈ ಬಸ್ಸು ಅಲ್ಲಿಗೆ ಹೋಗಲ್ಲ, ಇಳೀರಿ ಇಳೀರಿ' ಅಂದೆ. ಇಳಿಯೋಣ ಅಂದ್ರೆ, ಹಿಡಿದ ನನ್ನ ಕೈ ಮಾತ್ರ ಬೆಳಗಿನವರೆಗೂ ಬಿಡಲಿಲ್ಲ ನೀನು."