ನಿನ್ನೆಯ ದಿನ

ಜ್ವರ ಮಿದುಳಿಗೇರಿದ ವರ್ಷದಿಂದ ಮಗಳು ಇಂಚರಳ ನೆನಪುಗಳೆಲ್ಲ ಅಡುಗೆಮನೆಯ ಪಕ್ಕದ ಸರ್ವರ್ ಪೆಟ್ಟಿಗೆಯಲ್ಲಿವೆ. ಆಯುಧಪೂಜೆಯ ಬೆಳಿಗ್ಗೆ ಮಿಕ್ಸಿ, ಹೊಲಿಗೆ ಯಂತ್ರಗಳ ಜೊತೆ ಅದನ್ನೂ ಒರೆಸಿ ಕುಂಕುಮ ಇಡೋಣವೆಂದು ಪ್ಲಗ್ ಕಿತ್ತುಬಿಟ್ಟೆ. ಹೂ ಕಟ್ಟುತ್ತಿದ್ದ ಮಗಳು ತಲೆಯೆತ್ತಿ, ನಾನು ಯಾರೋ ಎಂಬಂತೆ ನೋಡಿದಳು.

ಸಹಾಯವಾಣಿಯ ಫರ್ಹಾನಾ ಫೋನಿನಲ್ಲಿ ನಕ್ಕಳು. "ಇವತ್ತು ನೀವು ಹದಿನೇಳನೆಯವರು ಅಕ್ಕ! ಶಟ್‌ಡೌನ್ ಮಾಡಿ ಆಮೇಲೆ ಪೂಜೆ ಮಾಡ್ಬೇಕು. ಈಗ ಪ್ಲಗ್ ಹಾಕಿ, ಮಧ್ಯೆ ಮುಟ್ಟಬೇಡಿ. ಪೆಟ್ಟಿಗೆ ತನ್ನ ಲಾಗ್, ಅಂದ್ರೆ ದಿನದಿನದ ದಾಖಲೆ, ಓದ್ಕೊಂಡು ಹಳೇದರಿಂದ ಒಂದೊಂದೇ ದಿನ ವಾಪಸ್ ಬರುತ್ತೆ."

ಅನ್ನಕ್ಕಿಟ್ಟು ಅವಳ ಪಕ್ಕ ಕುಳಿತೆ. ಮೊದಲು "ಅಮ್ಮ" ಎಂದಳು. ಆಮೇಲೆ ಮಗ್ಗಿ ಬಂತು, ಗೆಳತಿಯರ ಹೆಸರುಗಳು ಬಂದವು. ಹಾಗೆಯೇ ನನ್ನ ತೋಳಿಗೆ ಒರಗಿದಳು.

"ಮೊನ್ನೆವರೆಗೂ ಬಂದಿದೆ," ಎಂದಳು ಇನ್ನೂ ಫೋನಿನಲ್ಲೇ ಇದ್ದ ಫರ್ಹಾನಾ. "ನಿನ್ನೆದು ಬೇಡಾಂದ್ರೆ ಇಲ್ಲಿಗೇ ನಿಲ್ಲಿಸ್ಬೋದು. ತುಂಬಾ ಜನ ಅಮ್ಮಂದಿರು ನಿಲ್ಲಿಸ್ತಾರೆ. ಹಬ್ಬದ ಹಿಂದಿನ ದಿನ ಎಲ್ಲರ ಮನೇಲೂ ರಂಪ ಇದ್ದದ್ದೇ ಅಲ್ವಾ?"

ನಿನ್ನೆ, ಹಾಲು ಚೆಲ್ಲಿದಳೆಂದು ನಾನು ಅವಳಿಗೆ ಸೌಟಿನಿಂದ ಹೊಡೆದಿದ್ದೆ. ಮಗು ಊಟ ಮಾಡದೆ ಮಲಗಿತ್ತು. ಒಂದು ಮಾತು ಹೇಳಿದರೆ ಅದು ನಡೆದೇ ಇಲ್ಲದಂತಾಗುತ್ತಿತ್ತು.

"ಬರಲಿ ಬಿಡಮ್ಮ," ಎಂದೆ. "ಅದೂ ಅವಳದೇ ದಿನ."

ಸ್ವಲ್ಪ ಹೊತ್ತಿಗೆ ಇಂಚರ ನನ್ನಿಂದ ದೂರ ಸರಿದಳು.

"ನೀನು ನಂಗೆ ಹೊಡ್ದೆ."

"ಹೂಂ ಕಂದ, ಹೊಡ್ದೆ. ತಪ್ಪು ನಂದೇ."

ಬಿಟ್ಟಿದ್ದ ಹೂಮಾಲೆ ಎತ್ತಿಕೊಂಡು ನಾಲ್ಕು ಹೂ ಕಟ್ಟಿದಳು. ಕೊನೆಗೆ ಮುಖ ತಿರುಗಿಸಿಕೊಂಡೇ ಮೊಣಕೈಯನ್ನು ನನ್ನತ್ತ ಚಾಚಿ, "ಇಲ್ಲಿ ನೋವಾಗಿತ್ತು," ಎಂದು ತೋರಿಸಿದಳು.