ಮೆಟ್ಟಿಲ ತಿರುವು

ಆಸ್ಪತ್ರೆಯ ಮೂರನೇ ಮಹಡಿಯಿಂದ ಇಳಿಯುವ ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತು. ಕಾಲಿನ ಕಡೆ ಹಿಡಿದಿದ್ದ ಲಿಫ್ಟ್ ಮೆಕ್ಯಾನಿಕ್ ಎಡಕ್ಕೆ ಸರಿದು ನೋಡಿದ, ಬಲಕ್ಕೆ ಸರಿದು ನೋಡಿದ. ಗೋಡೆಯ ಬಣ್ಣ ಉದುರಿತೇ ಹೊರತು ಸ್ಟ್ರೆಚರ್ ಗೇಣಷ್ಟೂ ತಿರುಗಲಿಲ್ಲ.

"ಓರೆ ಮಾಡ್ಬೇಡಿ! ಬೆನ್ನುಮೂಳೆ ಮುರಿದಿದೆ," ನರ್ಸ್ ಕೂಗಿದಳು. ನೆಲಮಹಡಿಯ ಆಪರೇಷನ್ ಕೋಣೆಗೆ ಬೇಗ ಸೇರಿಸದಿದ್ದರೆ ಸ್ಟ್ರೆಚರಿನ ಮೇಲಿದ್ದ ಮುದುಕರ ಕಾಲುಗಳ ಆಸೆ ಬಿಡಬೇಕೆಂದು ಡಾಕ್ಟರು ಹೇಳಿದ್ದರು.

"ಸ್ಟ್ರೆಚರ್ ತಳ್ಳೋಕೆ ಇಳಿಜಾರು ದಾರಿ ಇಲ್ವಾ ಅಣ್ಣಾ?" ಅಪ್ಪನ ತಲೆಯ ಬಳಿ ನಿಂತಿದ್ದ ಮಗಳು ಮೆಕ್ಯಾನಿಕ್‌ನನ್ನು ಕೇಳಿದಳು.

"ನಕ್ಷೇಲಿತ್ತಮ್ಮ. ಖರ್ಚು ಜಾಸ್ತಿ ಅಂತ ತೆಗೆದ್ರು. ಲಿಫ್ಟ್ ಇರತ್ತಲ್ಲ ಅಂದ್ರು."

ಆ ಲಿಫ್ಟ್ ಬೆಳಿಗ್ಗೆಯೇ ನಿಂತುಹೋಗಿತ್ತು. ಅಗ್ಗದಲ್ಲಿ ಕಟ್ಟಿಸಿದ್ದಕ್ಕೆ ಹಾರ ಹಾಕಿಸಿಕೊಂಡವರು, ಕಟ್ಟಿದ್ದನ್ನು ವರ್ಷವರ್ಷವೂ ನೋಡಿಕೊಳ್ಳಲು ಏನು ಬೇಕೆಂದು ಯೋಚಿಸಿರಲಿಲ್ಲ. ಲಿಫ್ಟಿನ ಮೋಟಾರು ಇನ್ನು ತಡೆಯದೆಂದು ಅವನು ನಾಲ್ಕು ಸಲ ಬರೆದುಕೊಟ್ಟಿದ್ದ. ಎಲ್ಲವೂ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು.

ಕೆಳಗಿನಿಂದ ಇನ್ನಿಬ್ಬರು ಓಡಿ ಬಂದರು. ಮೆಟ್ಟಿಲ ಪಕ್ಕದ ಕಂಬಿಯ ಮೇಲಿಂದ ದಾಟಿಸೋಣವೆಂದು ಉಸಿರು ಬಿಗಿಹಿಡಿದು ಎತ್ತಿದರು. ಅಷ್ಟೆತ್ತರಕ್ಕೆ ಹೋಗಲಿಲ್ಲ. ಮತ್ತೆ ಮೆಟ್ಟಿಲ ಮೇಲೇ ಇಳಿಸಿದರು. ಕಾಲು ಗಂಟೆ ಕಳೆದಿತ್ತು.

ಮಗಳು ಬಗ್ಗಿ ಅಪ್ಪನ ಹಣೆ ಸವರಿದಳು. "ಅಪ್ಪಾ, ಕಾಲ್ಬೆರಳು ಒಂಚೂರು ಆಡಿಸಿ ನೋಡೋಣ."

"ಆಗ್ಲಿಂದ ಆಡಿಸ್ತಾನೇ ಇದೀನಲ್ಲಮ್ಮ," ಎಂದರು ಮುದುಕರು.

ಮೆಕ್ಯಾನಿಕ್‌ನ ಮುಖದ ಎದುರೇ ಇದ್ದ ಹತ್ತು ಬೆರಳುಗಳಲ್ಲಿ ಒಂದೂ ಅಲುಗಲಿಲ್ಲ.