ಗಡ್ಡೆ ಕರಗಿಸುವ ಕೈ

ನೇಣಿನಲ್ಲಿ ಇನ್ನೂ ತೂಗುತ್ತಿದ್ದ ಡಿಗರಿ ಎಂಬವನ ಹೆಣದ ಬಲಗೈಯನ್ನು ಹಿಡಿದೆತ್ತಿ ನೇಣುಗಾರ ಕರೆದ: “ಬಾರಯ್ಯಾ, ಬಿಸಿ ಆರೋದ್ರೊಳಗೆ ಸವರಿಸ್ಕೊ. ಹಿಂದೆ ಜನ ಕಾಯ್ತಾವ್ರೆ.” ಮೊದಲಿಗೆ ನಿಂತಿದ್ದ ಜೆತ್ರೊ ಹೆಜ್ಜೆ ಮುಂದಿಡಲಿಲ್ಲ. ಬಾಡ್ಮಿನ್ ಊರಿನ ಅರ್ಧ ಜನ ಅವನ ಹಿಂದೆ ಸಾಲುಗಟ್ಟಿದ್ದರು.

ಹೆಂಡತಿ ಟ್ಯಾಮ್ಸಿನ್ ಅವನ ಕೊರಳವಸ್ತ್ರ ಬಿಚ್ಚಿದಳು. ಕಿವಿಯ ಕೆಳಗೆ ಕೋಳಿಮೊಟ್ಟೆಯಷ್ಟು ಗಡ್ಡೆ. “ಅದೇನ್ ಹೆದರ್ತೀರೋ! ನಮ್ಮಜ್ಜಿಗೆ ಹೀಗೇ ವಾಸಿಯಾಗಿದ್ದು. ಕಳ್ಳನ ಕೈಯಿಂದ ಆಗಲ್ಲ, ಕೊಲೆಗಾರನ ಕೈಯೇ ಆಗ್ಬೇಕು. ಸೋಕಿದ್ರೆ ಸಾಕು, ಕರಗಿಹೋಗುತ್ತೆ.”

ಹೆಣದ ಬೆರಳುಗಳು ಕುತ್ತಿಗೆಯ ಹತ್ತಿರ ಬಂದವು. ಜೆತ್ರೊ ಅವನ್ನು ಕೊಡವಿಬಿಟ್ಟ. “ಬೇಡ! ಈ ಕೈಯಿಂದ ಕರಗಲ್ಲ!”

ಟ್ಯಾಮ್ಸಿನ್ ಗಂಡನ ಮುಖವನ್ನೇ ದಿಟ್ಟಿಸಿದಳು. “ಯಾಕೆ ಕರಗಲ್ಲ? ಗಿರಣಿಯವನನ್ನ ಇವನೇ ಕೊಂದ, ಕಣ್ಣಾರೆ ಕಂಡೆ ಅಂತ ಜಡ್ಜ್ ಮುಂದೆ ಬೈಬಲ್ ಮುಟ್ಟಿ ಹೇಳಿದ್ದು ನೀವೇ ಅಲ್ವಾ?” ಅವಳು ಗಂಡನ ಬಲಗೈ ಹಿಡಿದು ನಿಧಾನವಾಗಿ ಮೇಲೆತ್ತಿ, ಅವನದೇ ಗಡ್ಡೆಯ ಮೇಲಿಟ್ಟಳು.

“ಹಾಗಾದ್ರೆ ಈ ಕೈ ಇಟ್ಟು ನೋಡೋಣ.”